ಎಂಟು ಜಿಬಿಯಲ್ಲಿ ಒಂದು ಸಾಲು

ಶಟರ್ ಮೇಲೆ ಮೂರನೇ ಏಟು ಬಿತ್ತು.

ಕಬ್ಬಿಣದ ರಾಡ್. ಸದ್ದಿನಲ್ಲೇ ಗೊತ್ತಾಗುತ್ತದೆ. ನಾನು ತಿರುಗಿ ನೋಡಲಿಲ್ಲ. ಸ್ಕ್ರೀನ್ ಮೇಲೆ ಒಂದೇ ಸಾಲು ನಿಂತಿತ್ತು... ಸಾಕಷ್ಟು ಮೆಮೊರಿ ಇಲ್ಲ, ಕೆಲಸ ನಿಲ್ಲಿಸಲಾಗಿದೆ.

ಮಧ್ಯಾಹ್ನ ಎರಡು ಗಂಟೆ. ಹೊಸನಗರ. ಗೆಳೆಯ ಜಯಪ್ಪನ ಮೋಟಾರ್ ವೈಂಡಿಂಗ್ ಅಂಗಡಿ. ಹೊರಗೆ ಪೂರ್ಣೇಶ್ ಮತ್ತು ಅವನ ಇಬ್ಬರು ಆಳುಗಳು. ಒಳಗೆ ನಾನು, ಜಯಪ್ಪ, ಇಪ್ಪತ್ತು ವರ್ಷ ಹಳೆಯದೊಂದು ಸರ್ವರ್.

ನನ್ನ ಹೆಸರು ಉಮೇಶ್. ಕಂಪನಿಯವರು ಕೈಬಿಟ್ಟ ಸರ್ವರ್‌ಗಳ ಬಾಯಿ ಬಿಡಿಸುವುದು ನನ್ನ ಕಸುಬು. ಸೊಸೈಟಿ, ನರ್ಸಿಂಗ್ ಹೋಂ, ಕಾಲೇಜು... ಎಲ್ಲರೂ ಕೊನೆಗೆ ನನ್ನ ಹತ್ತಿರವೇ ಬರುತ್ತಾರೆ. ಈ ಮಷೀನನ್ನು ಮಾತ್ರ ಯಾರೂ ತರಲಿಲ್ಲ. ಸಾಗರದ ಗುಜರಿಯಲ್ಲಿ ನಾನೇ ತೂಕಕ್ಕೆ ಕೊಂಡದ್ದು.

ಅದು ಸಾಗರದ ಒಂದು ಖಾಸಗಿ ಲ್ಯಾಬಿನದು. ಹೆಸರು ಬೇಡ, ಕೇಸು ನಡೆಯುತ್ತಿದೆ. ಹೋದ ಬೇಸಿಗೆಯಲ್ಲಿ ಮಂಗನ ಕಾಯಿಲೆ ಹಬ್ಬಿದಾಗ ಸುತ್ತಲ ಹಳ್ಳಿಗಳ ರಕ್ತವೆಲ್ಲ ಅಲ್ಲಿಗೆ ಹೋಗುತ್ತಿತ್ತು. ಬಹಳಷ್ಟನ್ನು ಪರೀಕ್ಷೆಯನ್ನೇ ಮಾಡದೆ ಚೆಲ್ಲಿ, ನೆಗೆಟಿವ್ ಎಂದು ರಿಪೋರ್ಟ್ ಬರೆದು ಕೊಟ್ಟರು. ಊರಿಗೆಲ್ಲ ಗೊತ್ತಿತ್ತು, ಪುರಾವೆ ಇರಲಿಲ್ಲ. ಪೂರ್ಣೇಶ್ ಆ ಲ್ಯಾಬಿನ ಮ್ಯಾನೇಜರ್. ವಿಚಾರಣೆ ಶುರುವಾದ ಕೂಡಲೇ ಹೊಸ ಸರ್ವರ್ ತರಿಸಿದ, ಹಳೆಯದನ್ನು ಗುಜರಿಗೆ ಹಾಕಿಸಿದ. ಡಿಸ್ಕ್ ಅಳಿಸಲು ಹೇಳಿದ್ದನಂತೆ. ಹೇಳಿಸಿಕೊಂಡವನು ಸೋಮಾರಿ. ಈ ದೇಶದಲ್ಲಿ ಅರ್ಧ ನ್ಯಾಯ ಉಳಿದಿರುವುದು ಅಂಥವರಿಂದಲೇ.

ನನ್ನ ಹೆಂಡತಿ ದೀಪಶ್ರೀಯ ರಕ್ತವೂ ಅಲ್ಲಿಗೇ ಹೋಗಿತ್ತು.

ಸೋಮವಾರ ಕೊಟ್ಟಳು. ಬುಧವಾರ ತೀರಿಹೋದಳು. ರಿಪೋರ್ಟ್ ಬರಲೇ ಇಲ್ಲ. ಹದಿಮೂರು ದಿನ ಕಳೆದ ಮೇಲೆ ಕೇಳಲು ಹೋದೆ. ಪೂರ್ಣೇಶ್ ಫೋನಿನಿಂದ ತಲೆ ಎತ್ತಲಿಲ್ಲ. ಅಂಥ ಸ್ಯಾಂಪಲ್ಲೇ ಬಂದಿಲ್ಲ ಎಂದ. ಕೇಳಲು ಹೋದವರಿಗೆಲ್ಲ ಅದೇ ಉತ್ತರ ಕೊಡುತ್ತಿದ್ದ, ದಾಖಲೆ ತೆಗೆದು ನೋಡುವ ಗೋಜಿಗೇ ಹೋಗುತ್ತಿರಲಿಲ್ಲ.

ಅವತ್ತಿನಿಂದ ನನಗೆ ಏನೂ ಅನ್ನಿಸುತ್ತಿಲ್ಲ. ಅಳು ಬರುವುದಿಲ್ಲ. ಸಿಟ್ಟೂ ಬರುವುದಿಲ್ಲ. ಸಾರಿಗೆ ಉಪ್ಪು ಹಾಕದಿದ್ದರೂ ಗೊತ್ತಾಗುವುದಿಲ್ಲ. ಬೇಕಾದದ್ದು ಒಂದೇ... ಅವಳ ಹೆಸರಿನ ಮುಂದೆ ಆ ಡೇಟಾಬೇಸಿನಲ್ಲಿ ಏನಿದೆ ಎಂದು ನೋಡಬೇಕು. ಚೆಲ್ಲಿದ್ದರೆ ಪೂರ್ಣೇಶನ ಕೈಗೆ ಕೋಳ ಬೀಳಬೇಕು. ವಿಚಾರಣೆ ಅಧಿಕಾರಿ ತೀರ್ಥಹಳ್ಳಿಯಲ್ಲಿ ಕೂತಿದ್ದರು. ಸಾಕ್ಷ್ಯ ತೆಗೆದುಕೊಳ್ಳಲು ಇವತ್ತೇ ಕೊನೆ, ಐದು ಗಂಟೆಯವರೆಗೆ.

ಗುಜರಿಯವನು ಬಾಯಿ ಬಿಟ್ಟಿರಬೇಕು. ಸಾಗರದಿಂದಲೇ ಬೆನ್ನು ಹತ್ತಿದ್ದರು. ದಾರಿಯಲ್ಲಿ ಬಟ್ಟೆಮಲ್ಲಪ್ಪ ಊರಿನ ಹತ್ತಿರ ತಪ್ಪಿಸಿಕೊಂಡೆ ಅಂದುಕೊಂಡೆ. ತಪ್ಪಿರಲಿಲ್ಲ.

ನಾಲ್ಕನೇ ಏಟು.

"ಉಮೇಶಣ್ಣ, ಈ ಶಟರ್ ಹೆಚ್ಚಂದ್ರೆ ಅರ್ಧ ಗಂಟೆ ತಡೀತದೆ," ಎಂದ ಜಯಪ್ಪ. "ಅಷ್ಟ್ರಲ್ಲಿ ಆಗ್ತದಾ?"

ಆಗಬೇಕು ಎಂದೆ.

ಹಳೇ ಸರ್ವರ್‌ಗಳ ರೋಗ ಇದು. ಮೈಯಲ್ಲಿ ಎಂಟು ಜಿಬಿ ಮೆಮೊರಿ ಇದೆ. ವಿಂಡೋಸ್‌ಗೆ ಕಾಣುವುದು ನಾಲ್ಕು. ಡೇಟಾಬೇಸ್ ಮುಟ್ಟುವುದು ಎರಡೇ. ಉಗ್ರಾಣದಲ್ಲಿ ಎಂಟು ಮೂಟೆ ಅಕ್ಕಿ ಇಟ್ಟು ಅಡುಗೆಯವನಿಗೆ ಎರಡು ಮೂಟೆ ತೋರಿಸಿದ ಹಾಗೆ. ನನ್ನ ಕೆಲಸವೋ ದೊಡ್ಡದು. ಹೆಸರು ಒಂದು ಕಡೆ, ಟ್ಯೂಬ್ ನಂಬರ್ ಇನ್ನೊಂದು ಕಡೆ, ಪರೀಕ್ಷೆ ಯಂತ್ರದ ಲಾಗ್ ಮತ್ತೊಂದು ಕಡೆ. ಒಂಬತ್ತು ವರ್ಷದ ಸಾಲುಗಳನ್ನು ಒಂದಕ್ಕೊಂದು ತಾಳೆ ಹಾಕಬೇಕು. ಎರಡು ಜಿಬಿಯಲ್ಲಿ ಅದು ಅರ್ಧಕ್ಕೇ ಕುಸಿಯುತ್ತಿತ್ತು. ಡಿಸ್ಕ್ ಕಿತ್ತು ಬೇರೆ ಮಷೀನಿಗೆ ಹಾಕೋಣ ಎಂದರೆ ಅದು ಈ ಮಷೀನ್ ಬಿಟ್ಟು ಬೇರೆಲ್ಲೂ ಓದಿಸಿಕೊಳ್ಳದ ಜಾತಿ.

ಮಷೀನ್ ಏಳುವಾಗ ಮೊದಲು ಓದುವ ಬೂಟ್ ಫೈಲಿನಲ್ಲಿ ಒಂದು ಪದ ಸೇರಿಸಿದೆ, ನಾಲ್ಕರ ಆಚೆಗಿನದೂ ವಿಂಡೋಸ್‌ಗೆ ಕಾಣಲಿ ಎಂದು. ಹೆಚ್ಚಿನ ಮೆಮೊರಿ ಬಳಸುವ ಸ್ವಿಚ್ಚನ್ನು ಡೇಟಾಬೇಸಿನಲ್ಲಿ ಆನ್ ಮಾಡಿದೆ. ರೀಸ್ಟಾರ್ಟ್.

ಆರು ನಿಮಿಷ ಹೋಯಿತು. ಮಷೀನ್ ಎದ್ದಿತು. ನೋಡಿದರೆ... ಮತ್ತೆ ಎರಡೇ ಜಿಬಿ.

ಹಗಲು ಕಂಡ ಬಾವಿಗೆ ಇರುಳಲ್ಲಿ ಬಿದ್ದಿದ್ದೆ. ಡೇಟಾಬೇಸ್ ಓಡುವುದು ತನ್ನದೇ ಒಂದು ಅಕೌಂಟಿನ ಹೆಸರಲ್ಲಿ. ಮೆಮೊರಿಯನ್ನು ಹಿಡಿದಿಟ್ಟುಕೊಳ್ಳುವ ಪರ್ಮಿಶನ್ ಆ ಅಕೌಂಟಿಗೆ ಕೊಡಬೇಕು. ನಾನು ಗಡಿಬಿಡಿಯಲ್ಲಿ ನನ್ನ ಅಡ್ಮಿನ್ ಅಕೌಂಟಿಗೆ ಕೊಟ್ಟುಕೊಂಡಿದ್ದೆ. ಹೊಸಬರಿಗೆ ಇದೇ ತಪ್ಪಿಗೆ ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ.

ಶಟರ್ ಕೆಳಗೆ ಒಂದು ಗೇಣು ಎದ್ದಿತು. ಅಲ್ಲಿಂದ ಪೂರ್ಣೇಶನ ಮಾತು ಬಂತು. ಧ್ವನಿ ಏರಿಸಲಿಲ್ಲ, ಬುದ್ಧಿ ಹೇಳುವವನ ಹಾಗೆ ಮಾತಾಡಿದ.

"ನಿನ್ ಹೆಂಡ್ತಿ ವಾಪಸ್ ಬರಲ್ಲ ಮಾರಾಯ. ಆ ಡಬ್ಬ ಕೊಟ್ಟು ಸುಮ್ನೆ ಮನೆಗೆ ಹೋಗು."

"ಮನೆಗೆ ಹೋಗಿ ಎಂತ ಮಾಡ್ಲಿ?" ಎಂದೆ.

ವ್ಯಂಗ್ಯವಲ್ಲ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಪರ್ಮಿಶನ್ ಸರಿಯಾದ ಅಕೌಂಟಿಗೆ ಕೊಟ್ಟೆ. ಆರು ಜಿಬಿಗೆ ಮಿತಿ ಹಾಕಿದೆ. ಮಿತಿ ಹಾಕದಿದ್ದರೆ ಡೇಟಾಬೇಸ್ ಎಂಟನ್ನೂ ಹಿಡಿದು ಕೂರುತ್ತದೆ, ಆಮೇಲೆ ಪೆನ್ ಡ್ರೈವಿಗೆ ಕಾಪಿ ಮಾಡಲೂ ಮಷೀನಿಗೆ ಉಸಿರು ಉಳಿಯುವುದಿಲ್ಲ. ರಾಡ್ ತಲೆ ಮೇಲೆ ಬರುವಾಗಲೂ ಕೆಲಸ ಅಚ್ಚುಕಟ್ಟಾಗಿರಬೇಕು. ಮತ್ತೆ ರೀಸ್ಟಾರ್ಟ್.

ಈ ಸಲ ಅಂಕಿ ಏರಿತು. ಎರಡು... ಮೂರೂವರೆ... ಐದು... ಆರು.

ತಾಳೆ ಹಾಕಲು ಒಂಬತ್ತು ನಿಮಿಷ ಹಿಡಿಯಿತು. ಎರಡು ಫೈಲು ಬಂದವು. ಒಂದು, ಪರೀಕ್ಷೆ ಮಾಡದೆ ನೆಗೆಟಿವ್ ಬರೆದ ಹೆಸರುಗಳು. ಇನ್ನೊಂದು, ಆ ಬೇಸಿಗೆಯ ಎಲ್ಲ ನಮೂದುಗಳು. ಓದಲು ಪುರುಸೊತ್ತಿರಲಿಲ್ಲ. ಪೆನ್ ಡ್ರೈವ್ ಕಿತ್ತು ಜೇಬಿಗಿಳಿಸಿದೆ. ಅಷ್ಟರಲ್ಲಿ ಶಟರ್ ಹರಿಯಿತು.

ರಾಡ್ ನನ್ನ ಎಡ ಭುಜಕ್ಕೆ ಬಿತ್ತು. ಬಿದ್ದದ್ದು ಗೊತ್ತಾಯಿತು, ನೋವು ಗೊತ್ತಾಗಲಿಲ್ಲ. ಜಯಪ್ಪ ತಾಮ್ರದ ತಂತಿಯ ಉಂಡೆ ಉರುಳಿಸಿ ಒಬ್ಬನನ್ನು ಕೆಡವಿದ. ಹಿಂಬಾಗಿಲಿನಿಂದ ಓಡಿದೆ. ಬೆನ್ನ ಹಿಂದೆ ಸರ್ವರ್ ಒಡೆಯುವ ಸದ್ದು ಕೇಳಿತು.

ತೀರ್ಥಹಳ್ಳಿಯ ಪ್ರೈವೇಟ್ ಬಸ್ಸು ಸ್ಟ್ಯಾಂಡ್ ಬಿಡುತ್ತಿತ್ತು. ಓಡಿ ಹತ್ತಿದೆ. ಹತ್ತು ಕಿಲೋಮೀಟರ್ ಆಗಿರಲಿಲ್ಲ, ಪೂರ್ಣೇಶನ ಕಾರು ಓವರ್‌ಟೇಕ್ ಮಾಡಿ ತಿರುವಿನಲ್ಲಿ ಅಡ್ಡ ನಿಂತಿತು. ಬಸ್ಸಿನಲ್ಲೊಬ್ಬ ಕಳ್ಳನಿದ್ದಾನೆ, ಇಳಿಸಿ ಎಂದ.

ಅವನಿಗೆ ಲ್ಯಾಬ್ ಗೊತ್ತು, ಬಸ್ಸು ಗೊತ್ತಿಲ್ಲ. ಪ್ರೈವೇಟ್ ಬಸ್ಸಿನವರಿಗೆ ಟೈಮಿಂಗ್ ಅಂದರೆ ಜೀವ. ಎಂಟು ನಿಮಿಷ ಹಿಂದೆ ಇನ್ನೊಂದು ಕಂಪನಿಯ ಬಸ್ಸು ಬರುತ್ತಿರುತ್ತದೆ. ಅದು ಮುಂದೆ ಹೋದರೆ ದಾರಿಯ ಪ್ಯಾಸೆಂಜರ್ ಎಲ್ಲ ಅದಕ್ಕೇ.

"ಕಳ್ಳ ಆದ್ರೆ ಸ್ಟೇಷನ್‌ಗೆ ಹೇಳಿ ಸ್ವಾಮಿ, ತೀರ್ಥಳ್ಳೀಲಿ ಹಿಡೀತಾರೆ," ಎಂದ ಕಂಡಕ್ಟರ್. "ಈಗ ಕಾರ್ ತೆಗೀರಿ."

ತೆಗೆಯಲಿಲ್ಲ. ಕಂಡಕ್ಟರ್ ಸೀಟಿ ಊದಿದ. ಹದಿನೈದು ಜನ ಇಳಿದರು. ಕಾಲೇಜು ಹುಡುಗಿಯರೂ ಇಳಿದರು. ಒಳಗೆ ಕೂತಿದ್ದ ಪೂರ್ಣೇಶನ ಸಮೇತ ಕಾರನ್ನು ತಳ್ಳಿ ಚರಂಡಿಗೆ ಇಳಿಸಿದರು. ಎರಡೂವರೆ ನಿಮಿಷ ಲೇಟಾಯಿತು ಎಂದು ಡ್ರೈವರ್ ದಾರಿಯುದ್ದಕ್ಕೂ ನನ್ನನ್ನೇ ಬೈಯುತ್ತ ಬಂದ. ಬೇರೆ ದಿನವಾಗಿದ್ದರೆ ನನಗೆ ನಗು ಬರುತ್ತಿತ್ತು.

ನಾಲ್ಕೂ ಮುಕ್ಕಾಲಿಗೆ ಅಧಿಕಾರಿಯ ಎದುರು ಕೂತಿದ್ದೆ. ಡಾಕ್ಟರ್ ಮಹಾಲಕ್ಷ್ಮೀ ಮೇಡಂ. ಮಾತು ಕಡಿಮೆ. ಲ್ಯಾಪ್‌ಟಾಪಿನಲ್ಲಿ ಮೊದಲ ಫೈಲು ತೆರೆದು ಕೆಳಗಿನವರೆಗೂ ಓದಿದರು. ಇನ್ನೂರ ಹನ್ನೆರಡು ಹೆಸರು. ಇಷ್ಟು ಸಾಕು, ಪೂರ್ಣೇಶ್ ಇವತ್ತೇ ಒಳಗೆ ಹೋಗುತ್ತಾನೆ ಎಂದು ನನಗೆ ಹೇಳಿ ಪೊಲೀಸರಿಗೆ ಫೋನ್ ಮಾಡಿದರು.

ದೀಪಶ್ರೀ ಎಂದು ಹುಡುಕಿ ನೋಡಿ ಎಂದೆ.

ಆ ಇನ್ನೂರ ಹನ್ನೆರಡರಲ್ಲಿ ಅವಳಿರಲಿಲ್ಲ. ಮೇಡಂ ಎರಡನೇ ಫೈಲು ತೆರೆದರು. ಸಿಕ್ಕಿತು. ಅವರು ಓದಿದರು, ಆಮೇಲೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು.

ಮಂಗಳವಾರ ಬೆಳಿಗ್ಗೆ ಹತ್ತೂ ಇಪ್ಪತ್ತು. ಪರೀಕ್ಷೆ ಆಗಿದೆ. ಪಾಸಿಟಿವ್. ತಕ್ಷಣ ಆಸ್ಪತ್ರೆಗೆ ಸೇರಿಸಲು ತಿಳಿಸಬೇಕು. ಹನ್ನೊಂದಕ್ಕೆ ಫೋನ್. ಹನ್ನೊಂದೂವರೆಗೆ ಫೋನ್. ಹನ್ನೆರಡೂ ಕಾಲಿಗೆ ಫೋನ್. ಗಂಡನ ನಂಬರ್, ಎತ್ತಲಿಲ್ಲ. ಕೊನೆಯಲ್ಲಿ ಟೆಕ್ನಿಷಿಯನ್ ಸೌಜನ್ಯ ಎಂದು ಹೆಸರಿತ್ತು. ಆ ಲ್ಯಾಬಿನಲ್ಲಿ ಒಬ್ಬಳಾದರೂ ಕೆಲಸ ಮಾಡಿದ್ದಳು.

ನಂಬರನ್ನು ಎರಡು ಸಲ ಓದಿದೆ. ನನ್ನದೇ.

ಆ ಮಂಗಳವಾರ ನಾನು ಇದೇ ತೀರ್ಥಹಳ್ಳಿಯಲ್ಲಿ, ಒಂದು ಸೊಸೈಟಿಯ ಸರ್ವರ್ ರೂಮಿನಲ್ಲಿದ್ದೆ. ಇದೇ ಕೆಲಸ. ನಡುವೆ ಯಾರೂ ಕರೆಯದಿರಲಿ ಎಂದು ಫೋನನ್ನು ಸೈಲೆಂಟಿಗೆ ಹಾಕಿದ್ದೆ. ಸಂಜೆ ಮೂರು ಮಿಸ್ಡ್ ಕಾಲ್ ನೋಡಿದೆ. ಗುರುತಿಲ್ಲದ ಲ್ಯಾಂಡ್‌ಲೈನ್. ಲೋನ್ ಬೇಕಾ ಎಂದು ಕೇಳುವವರು ಅಂದುಕೊಂಡು ಅಳಿಸಿ ಹಾಕಿದೆ.

ಲ್ಯಾಬಿನವರು ಮನೆಗೆ ಜನ ಕಳಿಸಬಹುದಿತ್ತು ಎಂದರು ಮೇಡಂ. ಒಳ್ಳೆಯ ಹೆಂಗಸು. ಈ ಸಾಲು ಕೇಸಿಗೆ ಬೇಕಾಗಿಲ್ಲ, ಫೈಲಿಗೆ ಸೇರಿಸದಿದ್ದರೂ ನಡೆಯುತ್ತದೆ ಎಂದು ಮೆಲ್ಲಗೆ ಹೇಳಿದರು.

"ಸೇರಿಸಿ ಮೇಡಂ," ಎಂದೆ. "ಇನ್ನೂರ ಹನ್ನೆರಡು ಪೂರ್ಣೇಶಂದು. ಒಂದು ನಂದು."