ಕೊನೆಯ ದಿನದ ಕಷಾಯ

ಲೋಹಿತನ ಕೆಮ್ಮು ಗುಣವಾಗುತ್ತಿದೆ ಎಂದು ದೇವಸಮುದ್ರದಲ್ಲಿ ಬೇಜಾರಾಗಿದ್ದವಳು ಸ್ವಪ್ನ ಒಬ್ಬಳೇ.

ಅವಳ ಅಜ್ಜಿ ಕೆಂಚಕ್ಕನ ಕಷಾಯವೆಂದರೆ ಊರಿಗೆಲ್ಲ ನಂಬಿಕೆ. ಈಗ ಅಜ್ಜಿಗೆ ಕಣ್ಣು ಮಂಜು. ಆಡುಸೋಗೆ ಸೊಪ್ಪು, ಶುಂಠಿ, ಮೆಣಸು ಜಜ್ಜಿ ಹಾಕಿ, ನೀರು ಅರ್ಧಕ್ಕಿಳಿಯುವವರೆಗೆ ಕುದಿಸಿ ಸೋಸುವುದೆಲ್ಲ ಸ್ವಪ್ನಳ ಕೆಲಸ. ಕುರಿ ಮೇಯಿಸಲು ಹೋಗುವ ಮುಂಚೆ ಲೋಹಿತ ದಿನಾ ಬಂದು ಜಗುಲಿಯ ಮೇಲೆ ಕೂರುತ್ತಿದ್ದ.

“ನಮ್ಮ ಆಡು ಈ ಸೊಪ್ಪನ್ನ ಮೂಸಿನೂ ನೋಡಲ್ಲ. ನನಗೆ ಕುಡಿಸ್ತೀಯಲ್ಲ!”

“ಆಡಿಗಿರೋ ಬುದ್ಧಿ ನಿನಗೈತಾ? ಕುಡಿ.”

ಮುಖ ಕಿವುಚಿಕೊಂಡು ಕುಡಿಯುತ್ತ, ಲೋಟದ ಅಂಚಿನ ಮೇಲಿಂದ ಅವಳನ್ನೇ ನೋಡುತ್ತಿದ್ದ. ಅವಳು ನೋಡಿದರೆ ಬೀದಿಯ ಕಡೆ ತಿರುಗುತ್ತಿದ್ದ. ನೋಟಕ್ಕೇನೂ ಬರವಿರಲಿಲ್ಲ, ಮನಸ್ಸಿನ ಮಾತೇ ಹೊರಡುತ್ತಿರಲಿಲ್ಲ. ಭಾನುವಾರ ರಾಂಪುರದಿಂದ ಸ್ವಪ್ನಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವಳಿಗೆ ಬೇಕಾಗಿದ್ದವನು ಲೋಹಿತ. ಅವನೇ ಮೊದಲು ಬಾಯಿ ಬಿಡಲಿ ಎಂಬ ಹಟವೂ ಇತ್ತು.

“ಒಂದು ಮಾತು ಹೇಳೋದೈತೆ,” ಎಂದ ಶುಕ್ರವಾರ. “ನಾಳೆ ಹೇಳ್ತೀನಿ. ಆಮೇಲೆ ಕುರಿ ಹೊಡ್ಕೊಂಡು ಆಂಧ್ರದ ಕಡೆ ಹೊರಡ್ಬೇಕು.”

ಮರುದಿನವೇ ತನ್ನ ಕಷಾಯದ ಕೊನೆಯ ದಿನವೆಂದು ಆ ಪೆದ್ದನಿಗೆ ನೆನಪಿರಲಿಲ್ಲ. ಕೆಂಚಕ್ಕನ ಮನೆಯಲ್ಲಿ ಕೊನೆಯ ದಿನದ ಕಷಾಯವನ್ನು ಮಾತಾಡದೆ ಕುಡಿಯಬೇಕು. ಲೋಟ ಇಟ್ಟು, ಹಿಂದೆ ತಿರುಗಿ ನೋಡದೆ ಹೋಗಬೇಕು. ಮನೆಯವರೂ ಕರೆಯಬಾರದು, ಕರೆದರೆ ರೋಗ ವಾಪಸ್ ಬರುತ್ತದಂತೆ.

ಶನಿವಾರ ಲೋಹಿತ ಲೋಟ ಹಿಡಿದು ಇನ್ನೇನು ಬಾಯಿ ತೆರೆಯಬೇಕು, ಒಳಗಿನಿಂದ ಕೆಂಚಕ್ಕ ಗದರಿದಳು. “ಏಯ್, ಮಾತಾಡ್ಬ್ಯಾಡ! ಕುಡ್ದು ಸುಮ್ನೆ ನಡಿ.”

ಅವನು ಕುಡಿದ. ಸ್ವಪ್ನಳ ಮುಖವನ್ನೊಮ್ಮೆ ನೋಡಿ, ಒಳ್ಳೆಯ ಹುಡುಗನ ಹಾಗೆ ಎದ್ದು ಹೊರಟೇಬಿಟ್ಟ.

ಸ್ವಪ್ನಳಿಗೆ ಮೈಯೆಲ್ಲ ಉರಿಯಿತು, ಅಳುವೂ ಬಂತು. ಅವನು ಬೀದಿಯ ತಿರುವು ಮುಟ್ಟುವವರೆಗೆ ತಡೆದುಕೊಂಡಳು, ಆಮೇಲೆ ಆಗಲಿಲ್ಲ.

“ಲೋಹಿತ, ನಿಂತ್ಕೋ!”

ಅವನು ಗಾಬರಿಯಾಗಿ ತಿರುಗಿದ. “ಕರೀಬಾರ್ದಂತಲ್ಲ, ಕೆಮ್ಮು ಮತ್ತೆ ಬರ್ತೈತೆ.”

“ಬರ್ಲಿ. ಬದುಕಿರೋಗಂಟ ನಾನೇ ಕಾಸಿ ಕೊಡ್ತೀನಿ. ನಾಳೆ ರಾಂಪುರದೋರು ಬರೋದ್ರೊಳಗೆ ನಿಮ್ಮವ್ವನ್ನ ಕಳಿಸ್ತೀಯೋ, ಇಲ್ವೋ?”

ಲೋಹಿತ ಜಗುಲಿಯವರೆಗೆ ಓಡಿಯೇ ಬಂದ. “ಅವ್ವ ಆಗ್ಲೇ ಹೊಸ ಸೀರೆ ಉಟ್ಕೊಂಡು ಕುಂತವ್ಳೆ. ನಿನ್ನ ಒಂದ್ಮಾತು ಕೇಳ್ಕೊಂಡು ಬಾ ಅಂತ ನನ್ನ ಕಳ್ಸಿದ್ಳು.”

“ಮತ್ತೆ ಕೇಳು.”

ಅವನು ಕೇಳಿದ. ಅವಳು ಹೂಂ ಎನ್ನುವುದನ್ನೂ ಕಾಯದೆ ಕೆಂಚಕ್ಕ ಒಳಗಿನಿಂದ ಕೂಗಿ ಹೇಳಿದಳು, “ಅವಳನ್ನೇನು ಕೇಳ್ತೀಯಲೇ, ಹೋಗಿ ನಿಮ್ಮವ್ವನ್ನ ಕರ್ಕೊಂಡು ಬಾ!”