ನಲವತ್ತೇಳನೆಯ ಬಾಟಲಿ

ನಲವತ್ತೇಳನೆಯ ನಂಬರಿನ ರೋಗಿಗೆ ಒಬ್ಬ ತಮ್ಮನಿದ್ದಾನೆಂದು ಅವಳು ಐದು ತಿಂಗಳಿಂದ ನಂಬಿಕೊಂಡಿದ್ದಳು.

ತಿಂಗಳ ಮೊದಲ ಗುರುವಾರ, ಹನ್ನೊಂದಕ್ಕೆ ಸರಿಯಾಗಿ, ಆ ತಮ್ಮ ಆಸ್ಪತ್ರೆಯಲ್ಲಿ ಅವಳ ಔಷಧ ಕೌಂಟರಿಗೆ ಬರುತ್ತಿದ್ದ. ಲಿಫ್ಟ್ ರಿಪೇರಿ ಅವನ ಕಸುಬು. ತಲೆಯ ಮೇಲೆ ಸದಾ ಕಂಪನಿಯ ನೀಲಿ ಟೋಪಿ. ಉಗುರಿನ ಸಂದಿಯಲ್ಲಿ ಸೋಪಿಗೂ ಜಗ್ಗದ ಗ್ರೀಸು. ಹಳೆಯ ಬಾಟಲಿಯನ್ನು ಕಿಟಕಿಯೊಳಗೆ ತಳ್ಳಿ, ಉಳಿದ ಮಾತ್ರೆಗಳನ್ನು ಎಣಿಸುವ ಅವಳ ಬೆರಳುಗಳನ್ನೇ ನೋಡುತ್ತ ನಿಲ್ಲುತ್ತಿದ್ದ. ಅವಳು ತಲೆಯೆತ್ತಿದಳೋ, ಗೋಡೆಯ ಮೇಲಿನ ‘ಮೌನವಾಗಿರಿ’ ಬೋರ್ಡನ್ನು ಇವತ್ತೇ ಕಂಡವನಂತೆ ಓದತೊಡಗುತ್ತಿದ್ದ.

“ಅಣ್ಣನಿಗೆ ನಿದ್ದೆ ಬರ್ತಿದೆಯಾ?” ಇದನ್ನು ಕೇಳುವುದು ಅವಳ ಕೆಲಸ.

“ಕುಂಭಕರ್ಣ ಮೇಡಂ. ಅವನ ಗೊರಕೆಗೆ ಪಕ್ಕದ ಮನೆಯವರಿಗೆ ನಿದ್ದೆ ಇಲ್ಲ.”

ಹೊದಿಕೆ ಒದ್ದು ಬೆಕ್ಕಿನ ಮೇಲೆ ತಪ್ಪು ಹೊರಿಸುವ ಅಣ್ಣ. ಕತ್ತಲು ಸಾಲದೆಂದು ಗಡಿಯಾರದ ಹೊಳೆಯುವ ಮುಳ್ಳಿಗೂ ಕಾಗದ ಅಂಟಿಸುವ ಅಣ್ಣ. ಕಂಡರಿಯದ ಆ ಅಣ್ಣನ ಮೇಲೆ ಅವಳಿಗೆ ಅಕ್ಕರೆ ಹುಟ್ಟಿತ್ತು. ತಮ್ಮನ ಮೇಲೆ ಹುಟ್ಟಿದ್ದಕ್ಕೆ ಅವಳಿನ್ನೂ ಹೆಸರಿಟ್ಟಿರಲಿಲ್ಲ. ಬುಧವಾರ ಸಂಜೆ ಬಟ್ಟೆ ಇಸ್ತ್ರಿ ಮಾಡಲು ಎರಡು ಪಟ್ಟು ಹೊತ್ತು ಹಿಡಿಯುತ್ತಿತ್ತು, ಅಷ್ಟೆ.

ಅಲ್ಲಿ ನಡೆಯುತ್ತಿದ್ದದ್ದು ಒಂದು ಪರೀಕ್ಷೆ. ಕತ್ತಲಾದಾಗ ನಮ್ಮ ಮೈ ತಾನೇ ಮಾಡಿಕೊಳ್ಳುವ ಮೆಲಟೋನಿನ್ ಅನ್ನು ಮಾಮೂಲಿ ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಕೊಟ್ಟರೆ ಏನಾದರೂ ಅನುಕೂಲವಾದೀತೇ ಎಂದು ನೋಡುವುದು. ಆದೀತು ಎನ್ನುವವರಿದ್ದರು, ಖಚಿತವಾಗಿ ಬಲ್ಲವರಿರಲಿಲ್ಲ. ಹಾಗಾಗಿ ಅರ್ಧ ಜನಕ್ಕೆ ಮೆಲಟೋನಿನ್, ಇನ್ನರ್ಧಕ್ಕೆ ನೋಡಲು ಥೇಟ್ ಹಾಗೇ ಇರುವ, ಒಳಗೆ ಔಷಧವೇ ಇಲ್ಲದ ಮಾತ್ರೆ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಬಾಟಲಿ ತುಂಬುವ ಇಬ್ಬರಿಗೆ: ಅವಳಿಗೆ, ಅವಳ ಮೇಲಿನ ದೊಡ್ಡ ಮೇಡಂಗೆ. ಅದಕ್ಕೇ ಕೌಂಟರಿಗೆ ರೋಗಿಯ ಹೆಸರು ಬರುವಂತಿರಲಿಲ್ಲ, ನಂಬರು ಮಾತ್ರ.

ನಲವತ್ತೇಳಕ್ಕೆ ಅವಳು ತುಂಬುತ್ತಿದ್ದದ್ದು ಔಷಧವಿಲ್ಲದ ಮಾತ್ರೆ.

ಆರನೆಯ ತಿಂಗಳ ಗುರುವಾರ ಅವನು ನಂಬರಿನ ಕಾರ್ಡನ್ನು ಕಿಟಕಿಯಲ್ಲೇ ಮರೆತು ಹೋದ. ಒಳ್ಳೆಯ ನೆಪವೇ ಸಿಕ್ಕಿತೆಂದು ಅವಳು ಹಿಂದೆಯೇ ಓಡಿದಳು. ರಕ್ತ ತೆಗೆಯುವ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವನು ಕೂತಿದ್ದ. ನೀಲಿ ಟೋಪಿ ಮಡಿಲಲ್ಲಿತ್ತು. ತಲೆಯ ಮೇಲೆ ಒಂದೇ ಒಂದು ಕೂದಲಿರಲಿಲ್ಲ.

“ನಲವತ್ತೇಳು, ಮುಷ್ಟಿ ಬಿಗಿ ಮಾಡಿ,” ಎಂದಳು ನರ್ಸು.

ಅವನು ಮುಷ್ಟಿ ಬಿಗಿ ಮಾಡಿದ.

ಅವಳು ಬಾಗಿಲಿನಿಂದ ಹಿಂದೆ ಸರಿದಳು. ಕಾರ್ಡು ಯಾವಾಗ ಕೈಜಾರಿತೋ ತಿಳಿಯಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತಿದ್ದ ಅವಳ ಪಕ್ಕದಲ್ಲಿ ಅವನು ಬಂದು ಕೂತಾಗಲೂ, “ಅಣ್ಣ ಎಲ್ಲಿ?” ಎಂದು ಪೆದ್ದುಪೆದ್ದಾಗಿ ಕೇಳಿದಳು.

“ಅಣ್ಣ ಇಲ್ಲ ಮೇಡಂ. ಮನೆಗೆ ನಾನೇ ಹಿರಿಯ.” ತೋಳಿನ ಹತ್ತಿಯನ್ನು ಒತ್ತಿ ಹಿಡಿದು ನಕ್ಕ. “ರೋಗಿ ಅಂದ ತಕ್ಷಣ ಎಲ್ರೂ ಮುಖ ಸಣ್ಣ ಮಾಡ್ಕೊಂಡು ಮಾತಾಡ್ತಾರೆ. ನೀವೊಬ್ರು ನಗ್ತಿದ್ರಿ. ಕಳ್ಕೊಳ್ಳೋಕೆ ಮನಸ್ಸಾಗ್ಲಿಲ್ಲ.” ಆಮೇಲೆ ದನಿ ತಗ್ಗಿಸಿದ. “ಒಂದು ಕೇಳ್ಲಾ? ನನ್ನ ಬಾಟಲಿಲಿ ಇರೋದು ನಿಜವಾದದ್ದೇ ತಾನೇ? ನಿದ್ದೆ ಅಂತೂ ಚೆನ್ನಾಗಿ ಬರ್ತಿದೆ.”

ನಿಜ ಹೇಳಿದರೆ ಅವನು ಪರೀಕ್ಷೆಯಿಂದ ಹೊರಗೆ. ಬರುತ್ತಿರುವ ನಿದ್ದೆಯೂ ಹಾರಿಹೋದೀತು. ಸುಳ್ಳು ಹೇಳಿದರೆ ಮತ್ತೆಂದಾದರೂ ಆ ಮುಖ ನೋಡಲಾದೀತೇ? ಎದ್ದಳು, ತಿರುಗಿ ನೋಡದೆ ನಡೆದಳು.

ನೇರ ಹೋಗಿ ದೊಡ್ಡ ಮೇಡಂ ಮೇಜಿನ ಮೇಲೆ ಮಾತ್ರೆ ಬೀರುವಿನ ಕೀಲಿಕೈ ಇಟ್ಟಳು. ನಲವತ್ತೇಳರ ಬಾಟಲಿಯನ್ನು ಇನ್ನು ತಾನು ತುಂಬಲಾರೆ ಎಂದಳು.

“ಯಾಕೆ?”

“ನಂಬರಿಗೆ ಮುಖ ಬಂದ್ಬಿಟ್ಟಿದೆ ಮೇಡಂ.”

ದೊಡ್ಡ ಮೇಡಂ ಕನ್ನಡಕ ತೆಗೆದರು. ಅವನಿಗೆ ಹೇಳಿದೆಯಾ ಎಂದು ಕೇಳಿದರು, ಇಲ್ಲ ಎಂದಳು. ಪರೀಕ್ಷೆ ಮುಗಿಯಲು ಹದಿನಾಲ್ಕು ತಿಂಗಳಿದೆ, ಅಲ್ಲಿಯ ತನಕ ಹೊಟ್ಟೆಯಲ್ಲಿಟ್ಟುಕೊಳ್ಳಲು ಆದೀತೇ ಎಂದರು. ಆಗಬೇಕು ಎಂದಳು. ಅವರು ಬೈಯಲಿಲ್ಲ. ಮೇಲಿನವರಿಗೆ ಒಂದು ವರದಿ ಬರೆದು, ಮಾರನೆಯ ದಿನದಿಂದಲೇ ಅವಳನ್ನು ಕೆಳಮಹಡಿಯ ಕೆಮ್ಮು-ನೆಗಡಿ ಕೌಂಟರಿಗೆ ಹಾಕಿದರು.

ಮುಂದಿನ ತಿಂಗಳ ಮೊದಲ ಗುರುವಾರ, ಮೇಲಿನ ಕಿಟಕಿಯಲ್ಲಿ ಬೇರೆ ಮುಖ ಕಂಡು, ಅವಳೆಲ್ಲಿ ಎಂದು ಕೇಳಿಕೊಂಡು, ಅವನು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಬಂದ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ನನ್ನಿಂದ ನಿಮ್ಮ ಕೆಲಸ ಹೋಯ್ತಾ?”

“ನಾನೇ ಬಿಟ್ಟೆ. ನಿಮ್ಮ ಬಾಟಲಿ ತುಂಬ್ತಾ ನಿಮ್ಮನ್ನ ನೋಡೋಕೆ ಆಗಲ್ಲ. ಎರಡರಲ್ಲಿ ಒಂದನ್ನ ಇಟ್ಕೊಂಡೆ.”

ಯಾವುದನ್ನು ಎಂದು ಅರ್ಥವಾಗಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಮೆಲ್ಲಗೆ ಟೋಪಿ ತೆಗೆದ. ಅವಳೆದುರು ತಾನಾಗಿ ತೆಗೆದದ್ದು ಅದೇ ಮೊದಲು.

“ಆದ್ರೆ ಬಾಟಲಿ ವಿಷಯ ನೀವು ಹೇಳಲ್ಲ,” ಎಂದ.

“ಹದಿಮೂರು ತಿಂಗಳು ಅದೊಂದು ಕೇಳ್ಬೇಡಿ. ಬೇರೇದೇನ್ ಬೇಕಾದ್ರೂ ಕೇಳಿ.” ಅವಳು ಹಳೆಯ ಪ್ರಶ್ನೆಯನ್ನೇ ಹಿಡಿದುಕೊಂಡಳು. “ಅಣ್ಣನಿಗೆ ನಿದ್ದೆ ಬರ್ತಿದೆಯಾ?”

“ಇಲ್ಲ. ಆವತ್ತು ನೀವು ಎದ್ದು ಹೋದಾಗಿಂದ ಕಣ್ಣೇ ಮುಚ್ಚಿಲ್ಲ. ಮಾತ್ರೆ ಅದೇ, ಕತ್ತಲೂ ಅದೇ. ಏನಾಯ್ತೋ ಗೊತ್ತಿಲ್ಲ ಮೇಡಂ.”

ಅವಳು ಬೆಚ್ಚಿ ಅವನ ಮುಖ ನೋಡಿದಳು. ಐದು ತಿಂಗಳು ಅವನನ್ನು ಮಲಗಿಸಿದ್ದು ಬಾಟಲಿಯೊಳಗಿನದಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹೇಳುವಂತಿರಲಿಲ್ಲ.

ಕಿಟಕಿಯ ಕೆಳಗಿನಿಂದ ಕೈ ಚಾಚಿ ಅವನ ಗ್ರೀಸು ಮೆತ್ತಿದ ಬೆರಳುಗಳನ್ನು ಹಿಡಿದುಕೊಂಡಳು.

“ಇನ್ನು ಗುರುವಾರದ ತನಕ ಕಾಯ್ಬೇಡಿ,” ಎಂದಳು. “ದಿನಾ ಬನ್ನಿ.”