ಪ್ರಥಮೇಶನ ಆಮೆ

"ನನಗ ಹುಚ್ಚು ಹಿಡದದ ಅಂತ ಮನಿಯವರು ಅಂತಾರ್ರಿ. ಖರೇನ ಹಿಡದಿದ್ರ ನೀವರೆ ಹೇಳಿಬಿಡ್ರಿ," ಎಂದಳು ಬಂದಾಕೆ.

ರೇಷ್ಮಾ ಹೊಲಿಗೆ ಯಂತ್ರದಿಂದ ಕೈ ತೆಗೆದಳು. ಬನಹಟ್ಟಿಯ ಆ ಮನೆಯ ಕೆಳಗಿನ ಖೋಲಿಯಲ್ಲಿ ಅವಳ ಟೇಲರಿಂಗ್ ಅಂಗಡಿ, ಮೇಲೆ ಸಾವಿತ್ರೆವ್ವನ ವಾಸ. ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತಳಾದ ಸಾವಿತ್ರೆವ್ವನ ಬಳಿಗೆ ಠಾಣೆಯಲ್ಲಿ ಹೇಳಲಾಗದ ಸಂಗತಿಗಳನ್ನು ಹೊತ್ತು ಜನ ಬರುತ್ತಿದ್ದರು. ಅವರನ್ನು ಮೇಲೆ ಕರೆದೊಯ್ಯುವುದು, ಸ್ಕೂಟಿ ಓಡಿಸುವುದು, ಎಲ್ಲ ಮುಗಿದ ಮೇಲೂ ಅವರ ದುಃಖವನ್ನು ಎದೆಯಿಂದ ಇಳಿಸಲಾರದೆ ಒದ್ದಾಡುವುದು ರೇಷ್ಮಾಳ ಪಾಲಿಗೆ ಬಂದಿತ್ತು.

ಬಂದಾಕೆಯ ಹೆಸರು ಹರ್ಷದಾ, ಊರು ಜಮಖಂಡಿ. ಗಂಡ ವಿಠ್ಠಲನದು ಕನ್ನಡಕದ ಅಂಗಡಿ. ಒಬ್ಬನೇ ಮಗ ಪ್ರಥಮೇಶ ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ ಲೋಕಾಪುರದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡಿದ್ದ. ಅವನು ಬಿಟ್ಟುಹೋದದ್ದು ಒಂದು ಮರಿ ಆಮೆ, ಗುಂಡ್ಯಾ. ಗೆಳೆಯ ನಿಶಾಂತನ ಜೊತೆ ಅನಗವಾಡಿಯ ಕಡೆ ಹೋದಾಗ ಕಲ್ಲು ಕುರುಚಲಿನಲ್ಲಿ ಬೆನ್ನ ಮೇಲೆ ನಕ್ಷತ್ರದಂಥ ಗೆರೆಗಳಿದ್ದ ಎರಡು ಮರಿಗಳು ಸಿಕ್ಕಿದ್ದವು. ಇಬ್ಬರೂ ಒಂದೊಂದನ್ನು ಮನೆಗೆ ತಂದಿದ್ದರು.

ಮಗ ಹೋದ ಮೇಲೆ ಹರ್ಷದಾ ಗುಂಡ್ಯಾನನ್ನು ಮಡಿಲಿಂದ ಕೆಳಗಿಳಿಸಲಿಲ್ಲ. ಮಗನಿಗೆ ಏನೇನು ಪ್ರೀತಿಯೋ ಅದನ್ನೆಲ್ಲ ಅದಕ್ಕೆ ತಿನ್ನಿಸಿದಳು. ಹಾಲಲ್ಲಿ ನೆನೆಸಿದ ಬ್ರೆಡ್ಡು, ಬಾಳೆಹಣ್ಣು, ಶಿರಾ. ಅದರ ಕೊಕ್ಕು ಗಿಳಿಯ ಕೊಕ್ಕಿನಂತೆ ಉದ್ದವಾಗಿ ಕೆಳಗೆ ಬಾಗಿತು. ಮರಿ ಬೆಳೆಯುತ್ತಿದೆ ಎಂದು ಆಕೆ ಹಿಗ್ಗಿದ್ದಳು.

ಮಾಘದಲ್ಲಿ ತಂಗಿಯ ಮಗಳ ಮದುವೆಗೆಂದು ಬೀಳಗಿಗೆ ಹೋಗಿಬಂದಳು. ಬಂದು ನೋಡಿದರೆ ಗುಂಡ್ಯಾನ ಕೊಕ್ಕು ಗಿಡ್ಡ. ಕನ್ನಡಕದ ಗಾಜು ತಿಕ್ಕುವ ಅರದಿಂದ ತಾನೇ ತಿಕ್ಕಿ ಸರಿಮಾಡಿದೆ ಎಂದ ವಿಠ್ಠಲ. ಹಾಲು ಬ್ರೆಡ್ಡು ಕೊಡಬೇಡ ಎಂದೂ ಹೇಳಿದ. ಕೊಟ್ಟರೂ ಅದು ಮುಖ ತಿರುಗಿಸಿತು. ಇದು ನಮ್ಮ ಗುಂಡ್ಯಾ ಅಲ್ಲ ಎಂದಳು ಹರ್ಷದಾ. ಬೆನ್ನಿನ ಗೆರೆ ಬೇರೆ ಎಂದರೆ, ಬೆಳೆಯುವ ಮರಿ, ಗೆರೆ ಬದಲಾಗುತ್ತವೆ ಎಂದ. ತೋರಿಸೋಣವೆಂದರೆ ಫೋಟೋಗಳಿದ್ದ ಮಗನ ಫೋನು ಅದೇ ಅಪಘಾತದಲ್ಲಿ ನುಚ್ಚುನೂರಾಗಿತ್ತು. ಆಮೇಲೆ ಆ ಮನೆಯಲ್ಲಿ ಯಾರಿಗೂ ಫೋಟೋ ತೆಗೆಯುವ ಮನಸ್ಸಾಗಿರಲಿಲ್ಲ. ಆಕೆ ಹಟ ಬಿಡದಿದ್ದಾಗ ಡಾಕ್ಟರರ ಬಳಿ ಕರೆದೊಯ್ದರು, ಗುಳಿಗೆಗಳು ಶುರುವಾದವು.

ಮೇಲಿನ ಮನೆಯಲ್ಲಿ ಇದನ್ನೆಲ್ಲ ಕೇಳಿಸಿಕೊಂಡ ಸಾವಿತ್ರೆವ್ವ ಒಂದೇ ಪ್ರಶ್ನೆ ಕೇಳಿದಳು. "ನೀವು ಬೀಳಗಿಗೆ ಹೋಗೂಮುಂದ ಅದು ತಿಂತಿತ್ತೇನು?"

"ಬಾಯಿಗೆ ಹಚ್ಚಿದ್ರ ಒಂಚೂರು ನೆಕ್ಕತಿತ್ತರಿ. ಎತ್ತಿದ್ರ ಬಾಳ ಹಗುರ ಅನಸ್ತಿತ್ತು."

ಮರುದಿನ ಸಾವಿತ್ರೆವ್ವ, ರೇಷ್ಮಾ ಇಬ್ಬರೂ ಜಮಖಂಡಿಗೆ ಹೋದರು. ವಿಠ್ಠಲ ಮೆತ್ತನೆಯ ಮಾತಿನ ಮನುಷ್ಯ. ಸಿಟ್ಟಾಗಲಿಲ್ಲ, ಚಹಾ ಮಾಡಿಸಿದ. ಕೊಕ್ಕು ತಿಕ್ಕಿದ್ದು ತಾನೇ ಎಂದು ಮತ್ತೊಮ್ಮೆ ಹೇಳಿ ಅರವನ್ನೂ ತಂದು ತೋರಿಸಿದ. ಆಮೆಯ ಪೆಟ್ಟಿಗೆಯಲ್ಲಿ ಗರಿಕೆ, ದಾಸವಾಳದ ಎಲೆ, ಗಿಳಿಗಳ ಪಂಜರದಲ್ಲಿ ಕಟ್ಟುವಂಥ ಬಿಳಿಯ ಸುಣ್ಣದ ತುಂಡು ಇದ್ದವು. ಸಾವಿತ್ರೆವ್ವ ಅವನಿಂದಲೇ ಒಂದು ಭೂತಗನ್ನಡಿ ಕೇಳಿ ಪಡೆದು, ಆಮೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ರೇಷ್ಮಾ ಕೂಡ ಇಣುಕಿದಳು. ಕೊಕ್ಕಿನ ಅಂಚು ತೆಳ್ಳಗೆ, ಸಣ್ಣ ಗರಗಸದ ಹಾಗಿತ್ತು. ಗೀರಿಲ್ಲ. ಎಲೆಯ ಹಸಿರು ಕಲೆ ಅಂಟಿತ್ತು. ದಾಸವಾಳದ ಎಲೆ ಹಿಡಿದರೆ ದಂಟಿನ ಸಮೇತ ಕಟಕ್ಕನೆ ಕತ್ತರಿಸಿತು.

ವಿಠ್ಠಲನ ತಾಯಿ ವತ್ಸಲಾಬಾಯಿ ಹಿತ್ತಲಲ್ಲಿ ತುಳಸಿಗೆ ನೀರು ಹಾಕುತ್ತಿದ್ದರು. ಆ ಪ್ರಾಣಿ ಅಡುಗೆಮನೆಗೆ ಬರುವುದು ತಮಗೆ ಸೇರುತ್ತಿರಲಿಲ್ಲ, ಆದರೆ ಅದನ್ನು ತಾವು ಮುಟ್ಟಿಯೂ ಇಲ್ಲ ಎಂದರು. ಸೊಸೆ ಇಲ್ಲದಾಗ ಮನೆಯಲ್ಲಿ ಏನಾದರೂ ವಿಶೇಷ ನಡೆಯಿತೇ ಎಂದು ಸಾವಿತ್ರೆವ್ವ ಕೇಳಿದಳು.

"ಏನಿಲ್ಲವಾ. ಅಕಿ ಹೋದ ಮರುದಿನ ಸಂಜಿಮುಂದ ವಿಠ್ಠಲ ಹೊಳಿಗೆ ಹೋಗಿಬಂದ. ಒಳಗ ಬರೂಕಿಂತ ಮೊದಲ ಇಲ್ಲೇ ತಲಿಮ್ಯಾಲೆ ತಣ್ಣೀರು ಸುರಕೊಂಡ. ಯಾಕೋ ಅಂದ್ರ ಸೆಕಿ ಅಂದ. ಮಾಘದ ಥಂಡಿಯೊಳಗ."

ಅಲ್ಲಿಂದ ಮುಧೋಳ. ಅಲ್ಲಿನ ಪಶುವೈದ್ಯೆ ಕೇಳಿದ್ದಕ್ಕೆಲ್ಲ ಸಾವಧಾನವಾಗಿ ಉತ್ತರಿಸಿದಳು. ಆಮೆಗೆ ಹಲ್ಲಿಲ್ಲ, ಕೊಕ್ಕೇ ಹಲ್ಲು. ಅದು ಉಗುರಿನಂತೆ ಬೆಳೆಯುತ್ತಲೇ ಇರುತ್ತದೆ; ಹುಲ್ಲು, ನಾರಿನ ಎಲೆ ಕಚ್ಚಿ ಕಚ್ಚಿ ಸವೆಯುತ್ತದೆ. ಮೆತ್ತಗಿನದ್ದನ್ನೇ ತಿಂದ ಮರಿಗೆ ಕೊಕ್ಕು ಸವೆಯುವುದಿಲ್ಲ, ಸುಣ್ಣದ ಅಂಶವೂ ಸಿಗುವುದಿಲ್ಲ. ಕೊಕ್ಕು ಬಾಗಿ ಬಾಯಿಗೇ ಅಡ್ಡವಾಗುತ್ತದೆ. ಅಂಥದ್ದನ್ನು ಅರದಿಂದ ತಿಕ್ಕಿದರೆ ಅಂಚು ದಪ್ಪಗೆ, ಮೊಂಡಾಗಿ, ಗೀರುಗಳೊಂದಿಗೆ ಬಹಳ ದಿನ ಉಳಿಯುತ್ತದೆ. ಹಾಲು ಬ್ರೆಡ್ಡಿನ ರುಚಿ ಹತ್ತಿದ ಮರಿಯನ್ನು ಹುಲ್ಲಿಗೆ ಹೊಂದಿಸುವುದಂತೂ ಬೆವರಿಳಿಸುವ ಕೆಲಸ.

ತೇರದಾಳದಲ್ಲಿ ನಿಶಾಂತ ಅವರನ್ನು ಒಳಗೆ ಕರೆಯಲು ಹಿಂದೆಮುಂದೆ ನೋಡಿದ. ತನ್ನ ಆಮೆಯನ್ನು ಎಂದೋ ಕಾಡಿಗೆ ಬಿಟ್ಟೆ ಎಂದ. ಆದರೆ ಹಿತ್ತಲ ಮೂಲೆಯಲ್ಲಿ ನೆಲಮಟ್ಟಕ್ಕೆ ಹೂತಿಟ್ಟ ನೀರಿನ ತಟ್ಟೆಯಿತ್ತು. ಸುತ್ತಲಿನ ಗರಿಕೆ ಬುಡದವರೆಗೆ ಮೇಯ್ದಿದ್ದು, ಈಚೆಗೆ ಮಾತ್ರ ಹೊಸ ಚಿಗುರು ಒಡೆದಿತ್ತು. ಸಾವಿತ್ರೆವ್ವ ಅದನ್ನು ನೋಡಿದಳು. ಅವಳು ನೋಡಿದ್ದನ್ನು ನಿಶಾಂತ ನೋಡಿದ.

"ನಾಳೆ ಜಮಖಂಡಿಗೆ ಬಾ," ಎಂದಷ್ಟೇ ಹೇಳಿದಳು.

ಮರುದಿನ ಎಲ್ಲರೂ ವಿಠ್ಠಲನ ಪಡಸಾಲೆಯಲ್ಲಿ ಕುಳಿತರು. ಗೋಡೆಯ ಮೇಲೆ ಪ್ರಥಮೇಶನ ಫೋಟೋ, ಕೆಳಗೆ ಪೆಟ್ಟಿಗೆಯಲ್ಲಿ ಆಮೆ.

"ಹರ್ಷದಾಬಾಯಿ, ಮೊದಲ ನಿಮಗ ಹೇಳತೇನಿ," ಎಂದಳು ಸಾವಿತ್ರೆವ್ವ. "ನಿಮಗ ಹುಚ್ಚು ಹಿಡದಿಲ್ಲ. ಇದು ಗುಂಡ್ಯಾ ಅಲ್ಲ."

ಹರ್ಷದಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟು ದಿನ ತಡೆದ ಅಳು ಅವಳ ಹೆಗಲಲ್ಲಿ ಅಲುಗಾಡಿದ್ದು ರೇಷ್ಮಾಳಿಗೆ ಕಂಡಿತು.

ಸಾವಿತ್ರೆವ್ವ ಒಂದೊಂದಾಗಿ ಬಿಡಿಸಿ ಹೇಳಿದಳು. ಈ ಕೊಕ್ಕಿಗೆ ಅರ ತಾಗಿಯೇ ಇಲ್ಲ, ಇದು ಹುಲ್ಲು ಕಚ್ಚಿಯೇ ಸವೆದ ಕೊಕ್ಕು. ಹಾಲು ಬ್ರೆಡ್ಡು ಇದಕ್ಕೆ ಗೊತ್ತೇ ಇಲ್ಲ. ಹಾಗಾದರೆ ಇದು ಮೊದಲಿನಿಂದ ಹುಲ್ಲು ಮೇಯ್ದು ಬೆಳೆದ ಬೇರೆ ಮರಿ. ಅದೇ ಪ್ರಾಯದ್ದು, ಅದೇ ಜಾತಿಯದು ಇದ್ದದ್ದು ನಿಶಾಂತನ ಹಿತ್ತಲಲ್ಲಿ. ಅವನ ಗರಿಕೆ ಚಿಗುರಿದ್ದು ಈಚೆಗೆ, ಎಂದರೆ ಅವನ ಮರಿ ಅಲ್ಲಿಂದ ಹೋದದ್ದೂ ಈಚೆಗೆ. ಯಾರು ತಂದರು? ವತ್ಸಲಾಬಾಯಿ ಆಮೆಯನ್ನು ಮುಟ್ಟುವವರಲ್ಲ. ನಿಶಾಂತ ತಾನಾಗಿ ಬದಲಿಸಿದ್ದರೆ ಮನೆಯವರೊಬ್ಬರು ಅವನಿಗಾಗಿ ಸುಳ್ಳು ಹೇಳಬೇಕಿರಲಿಲ್ಲ.

"ತಿಕ್ಕದ ಕೊಕ್ಕನ್ನ ತಿಕ್ಕೇನಿ ಅಂದವರು ಒಬ್ಬರ ಅದಾರ," ಎಂದು ಅವಳು ವಿಠ್ಠಲನತ್ತ ತಿರುಗಿದಳು. "ಹೊಳಿಯಿಂದ ಬಂದು ತಲಿಮ್ಯಾಲೆ ತಣ್ಣೀರು ಹಾಕ್ಕೊಂಡು ಒಳಗ ಬಂದವರೂ ಅವರ. ಮಣ್ಣು ಮಾಡಿ ಬಂದವರು ಹಂಗ ಬರತಾರ."

ನಿಶಾಂತ ತಲೆ ತಗ್ಗಿಸಿ ಅಳತೊಡಗಿದ. ವಿಠ್ಠಲ ಕಾಕಾ ಕೈಮುಗಿದು ತನ್ನ ಮರಿಯನ್ನು ಕೇಳಿದರು, ಯಾರಿಗೂ ಹೇಳುವುದಿಲ್ಲವೆಂದು ಪ್ರಥಮೇಶನ ಆಣೆ ಹಾಕಿಸಿಕೊಂಡರು ಎಂದ.

ವಿಠ್ಠಲ ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದ. "ನನ್ನ ಕೈಜಾರಿ ಬಿತ್ತರಿ. ನಾನೇ ಕೊಂದೆ," ಎಂದ.

ಅದು ಸುಳ್ಳೆಂದು ರೇಷ್ಮಾಳಿಗೂ ಗೊತ್ತಾಯಿತು. ಸಾವಿತ್ರೆವ್ವ ಅದನ್ನು ಒಪ್ಪಿಕೊಂಡು ಎದ್ದುಬಿಡಲಿ ಎಂದು ಅವಳ ಜೀವ ಬಯಸಿತು. ಆದರೆ ಹರ್ಷದಾ ಗಂಡನನ್ನು ನೋಡಲೇ ಇಲ್ಲ. ಸಾವಿತ್ರೆವ್ವನನ್ನೇ ನೋಡುತ್ತ ಕೇಳಿದಳು, "ಖರೆ ಏನರಿ?"

ಸಾವಿತ್ರೆವ್ವ ತಡೆದು ತಡೆದು ಹೇಳಿದಳು. "ನಿಮ್ಮ ಕಣ್ಣು ಖರೆ ಅದಾವೋ ಇಲ್ಲೋ ಅಂತ ಕೇಳಾಕ ನೀವು ಬಂದ್ರಿ. ನಾನೂ ಒಂದು ಸುಳ್ಳು ಹೇಳಿದ್ರ ನೀವು ಯಾರನ್ನ ನಂಬಬೇಕು? ಕೊಕ್ಕು ಬೆಳದು ಬಾಯಿ ಕಟ್ಟಿತ್ತವ್ವ. ಮೆತ್ತಂದು ತಿಂದು ಅದು ಸವೀಲಿಲ್ಲ. ನೀವು ಹೋದ ಮ್ಯಾಲೆ ಸತ್ತಿರಬೇಕು. ಅದಕ್ಕ ಇವರು ಆಮ್ಯಾಲೆ ಹುಲ್ಲು, ಸುಣ್ಣ ತಂದು ಇಟ್ಟಾರ. ಮೊದಲಿನ ತಿನಸು ತಪ್ಪು ಅಂತ ಇವರಿಗೆ ಆವಾಗ ತಿಳದಿತ್ತು."

"ಹಸಗೊಂಡು ಸತ್ತನೇನು? ನನ್ನ ಕೈಯಾಗ?"

ಆಕೆ ಮಗನ ಫೋಟೋದ ಕಡೆ ನೋಡಿದಳು. "ಅವ ಅದಕ್ಕ ಏನ ಹಾಕತಿದ್ದ ಅಂತ ನಾ ಒಂದಿನಾನೂ ಕೇಳಲಿಲ್ಲ," ಎಂದಳು.

ಆಗ ವಿಠ್ಠಲ ಎಲ್ಲವನ್ನೂ ಹೇಳಿದ. ಆಕೆ ಹೋದ ಮರುದಿನ ಬೆಳಿಗ್ಗೆ ಗುಂಡ್ಯಾ ಅಲುಗಾಡದೆ ಬಿದ್ದಿತ್ತು. ಯಾಕೆಂದು ಫೋನಿನಲ್ಲಿ ಹುಡುಕಿ ಓದಿದ. ಇದನ್ನು ಕೇಳಿದರೆ ಹೆಂಡತಿ ಉಳಿಯುವುದಿಲ್ಲ ಎನಿಸಿತು. ಮಗನ ಅಸ್ಥಿ ಬಿಟ್ಟಿದ್ದ ಚಿಕ್ಕಪಡಸಲಗಿಯ ಬ್ಯಾರೇಜಿನ ಹತ್ತಿರವೇ, ದಂಡೆಯ ಮಣ್ಣಿನಲ್ಲಿ ಅದನ್ನು ಹೂತು ಬಂದ.

ಹರ್ಷದಾ ಪೂರ್ತಿ ಕೇಳಿಸಿಕೊಂಡಳು. ಅವಳ ದನಿ ಏರಲಿಲ್ಲ.

"ಆ ಮರಿ ಸತ್ತದ್ದು ನನ್ನ ಕೈಯಿಂದ. ಅದನ್ನ ನಾ ಹೊರತೇನಿ. ಆದ್ರ ನನ್ನ ಕಣ್ಣು ಖರೆ ಅದಾವ ಅಂತ ಈ ಮನಿಯಾಗ ನಿಮಗೊಬ್ಬರಿಗೇ ಗೊತ್ತಿತ್ತು. ಗೊತ್ತಿದ್ದೂ ದಿನಾ ರಾತ್ರಿ ನನ್ನ ಅಂಗೈಯಾಗ ಗುಳಿಗಿ ಇಟ್ಟ್ರಿ."

ಸೊಸೆಗೆ ತಲೆ ಕೆಟ್ಟಿದೆ ಎಂದು ಓಣಿಯಲ್ಲೆಲ್ಲ ಹೇಳಿ ಬಂದಿದ್ದ ವತ್ಸಲಾಬಾಯಿ ಆಕೆಯ ಪಕ್ಕಕ್ಕೆ ಸರಿದು ಕುಳಿತರು.

ಇಂಥ ಆಮೆಯನ್ನು ಮನೆಯಲ್ಲಿ ಸಾಕುವುದಕ್ಕೆ ಕಾಯಿದೆಯ ಅಡ್ಡಿಯಿದೆ, ಅರಣ್ಯ ಇಲಾಖೆಗೆ ಒಪ್ಪಿಸಬೇಕು ಎಂದಳು ಸಾವಿತ್ರೆವ್ವ. ನಿಶಾಂತ ತಾನೂ ಜೊತೆಗೆ ಬರುತ್ತೇನೆಂದ. ಪೆಟ್ಟಿಗೆ ಎತ್ತುವ ಮೊದಲು ಹರ್ಷದಾ ಹಿತ್ತಲಿಗೆ ಹೋಗಿ ಒಂದು ಹಿಡಿ ಗರಿಕೆ ಕಿತ್ತು ತಂದಳು. ನೆಲಕ್ಕೆ ಕೂತು ಆಮೆಯ ಮುಂದೆ ಹಿಡಿದಳು. ಅದು ಕತ್ತು ಚಾಚಿ, ಒಂದೊಂದೇ ಎಸಳನ್ನು ಕಚ್ಚಿ ಹರಿದು ತಿಂದಿತು. ಕೈ ಖಾಲಿಯಾಗುವವರೆಗೂ ಆಕೆ ರೆಪ್ಪೆ ಮಿಟುಕಿಸದೆ ನೋಡಿದಳು.

"ಹಿಂಗ ತಿಂತಾವೇನು," ಎಂದಳು.

ಬೀದಿಗೆ ಬಂದು ಪೆಟ್ಟಿಗೆಯನ್ನು ಸ್ಕೂಟಿಯ ಮೇಲಿಟ್ಟ ಮೇಲೂ ರೇಷ್ಮಾ ಅದನ್ನು ಚಾಲೂ ಮಾಡಲಿಲ್ಲ. ಅಷ್ಟು ಹೇಳಲೇಬೇಕಿತ್ತೇ ಎಂದು ಕೇಳಬೇಕೆಂದಿದ್ದಳು. ಸಾವಿತ್ರೆವ್ವನ ಮುಖ ನೋಡಿ ಸ್ಕೂಟಿಯ ಸೀಟು ಒರೆಸತೊಡಗಿದಳು.

ಅಷ್ಟರಲ್ಲಿ ವಿಠ್ಠಲ ಬೈಕು ಹೊರಗೆ ತಂದ. ಹರ್ಷದಾ ತನ್ನನ್ನು ಹೊಳೆಗೆ ಕರೆದೊಯ್ಯಲು ಹೇಳಿದ್ದಳು, ಗುಂಡ್ಯಾನನ್ನು ಹೂತ ಜಾಗ ತೋರಿಸಲು. ಆಕೆ ಹಿಂದೆ ಹತ್ತಿ ಕುಳಿತಳು. ವಿಠ್ಠಲ ಬೈಕು ಬಿಡದೆ ಒಂದು ಗಳಿಗೆ ತಡೆದ, ಹೆಗಲ ಮೇಲೆ ಅವಳ ಕೈ ಬರಲೆಂದು ಕಾಯುತ್ತ. ಹರ್ಷದಾ ಕೈಯನ್ನು ಹಿಂದಕ್ಕೆ ಒಯ್ದು ಸೀಟಿನ ಹಿಂದಿನ ಕಬ್ಬಿಣದ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೈಕು ಮೆಲ್ಲಗೆ ಚಿಕ್ಕಪಡಸಲಗಿಯ ದಾರಿ ಹಿಡಿಯಿತು.